ಒಂದು ಮನೆ, ಎರಡು ಪಿಂಚಣಿ

(ಬಾಪೂಜಿ ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ದತ್ತಿ ಉಪನ್ಯಾಸಕ್ಕೆ ನಿಂತವನು ಮೊದಲು ದತ್ತಿ ಇಟ್ಟವರ ಗುಣಗಾನ ಮಾಡಬೇಕು, ಅದು ವಾಡಿಕೆ. ಈ ದತ್ತಿ ಇಟ್ಟ ತಾಯಿ ಅದಕ್ಕೆ ಅವಕಾಶ ಕೊಟ್ಟಿಲ್ಲ. ಎರಡು ಷರತ್ತು ಹಾಕಿದ್ದಾರೆ. ತಮ್ಮ ಹೆಸರು ಎಲ್ಲೂ ಬರಕೂಡದು. ಆದರೆ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಬಿಡದೆ ಹೇಳಬೇಕು. ಹಾಗಾಗಿ ದುಡ್ಡಿನಿಂದಲೇ ಶುರು ಮಾಡುತ್ತೇನೆ.

ಆಕೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಗಂಡ ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತರು. ಗಾಳಿ ಆಂಜನೇಯನ ಗುಡಿಯಿಂದ ಈಚೆಗೆ, ಮೈಸೂರು ರಸ್ತೆಯ ಹಾರನ್ನು ಮನೆಯೊಳಗೆ ಕೇಳಿಸುವಷ್ಟು ಹತ್ತಿರ, ಮೇಲೊಂದು ಕೆಳಗೊಂದು ಮನೆ ಕಟ್ಟಿಕೊಂಡಿದ್ದರು. ಇಬ್ಬರೂ ನಿವೃತ್ತರಾಗಿ, ಇಬ್ಬರಿಗೂ ಪಿಂಚಣಿ ಬರುತ್ತಿದ್ದಾಗ ಗಂಡ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಸಿ ಆಕೆ ಬ್ಯಾಂಕಿಗೆ ಹೋದರು. ಮರಣ ಪ್ರಮಾಣ ಪತ್ರದ ಒಂದು ಜೆರಾಕ್ಸ್ ಕೊಟ್ಟು, ಗಂಡನ ಪಿಂಚಣಿ ನಿಲ್ಲಿಸಿ ಅಂತ ಬರೆದುಕೊಟ್ಟು, ಮನೆಗೆ ಬಂದರು. ಕೌಂಟರಿನಲ್ಲಿದ್ದ ಹುಡುಗ ಏನೂ ಕೇಳಲಿಲ್ಲ. ಆಕೆಯೂ ಏನೂ ಕೇಳಲಿಲ್ಲ. ಒಂಬತ್ತು ವರ್ಷ ಹಾಗೇ ಕಳೆಯಿತು.

ನನ್ನ ಹತ್ತಿರ ಅವರು ಬಂದದ್ದು ನವೆಂಬರ್ ತಿಂಗಳಲ್ಲಿ, ಜೀವಿತ ಪ್ರಮಾಣ ಪತ್ರದ ವಿಚಾರಕ್ಕೆ. ಹೆಬ್ಬೆರಳಿನ ಗುರುತು ಯಂತ್ರ ತೆಗೆದುಕೊಳ್ಳುತ್ತಿಲ್ಲ ಅಂತ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ಗೆರೆಗಳೆಲ್ಲ ಸವೆದುಹೋಗಿರುತ್ತವೆ. ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಒಂದರ ಬದಲು ಎರಡು ಪಿಪಿಒ ಇದ್ದವು, ಅಂದರೆ ಪಿಂಚಣಿ ಪಾವತಿ ಆದೇಶದ ಪುಸ್ತಕಗಳು. ಒಂದು ಅವರದು. ಇನ್ನೊಂದರಲ್ಲಿ ಗಂಡ ಹೆಂಡತಿ ಭುಜಕ್ಕೆ ಭುಜ ತಾಗಿಸಿ ಕೂತ ಜಂಟಿ ಫೋಟೋ. ನಿವೃತ್ತಿಗೆ ಮುಂಚೆ ಇಲಾಖೆಯವರು ಕೇಳುತ್ತಾರಲ್ಲ, ಅದಕ್ಕೋಸ್ಕರ ಸ್ಟುಡಿಯೋಗೆ ಹೋಗಿ ತೆಗೆಸಿದ್ದು. ಆ ಫೋಟೋ ಯಾಕೆ ಕೇಳುತ್ತಾರೆ ಅಂತ ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ? ಪಿಂಚಣಿ ಒಬ್ಬರಿಗೆ, ಫೋಟೋ ಇಬ್ಬರದು.

ಪುಸ್ತಕ ತೆರೆದೆ. ಗಂಡನ ಮೂಲ ಪಿಂಚಣಿ ಇಷ್ಟು, ಪರಿವರ್ತನೆ ಮಾಡಿಕೊಂಡದ್ದು ಇಷ್ಟು ಅನ್ನುವ ಸಾಲುಗಳ ಕೆಳಗೆ, ಕುಟುಂಬ ಪಿಂಚಣಿ ಎಂಬ ಸಾಲಿನಲ್ಲಿ ಆಕೆಯ ಹೆಸರು, ಹುಟ್ಟಿದ ತಾರೀಖು, ಮುಂದೆ ತಿಂಗಳಿಗೆ ಸಿಗಬೇಕಾದ ಮೊತ್ತ ಎಲ್ಲ ನಮೂದಾಗಿತ್ತು. ಒಂಬತ್ತು ವರ್ಷದಿಂದ ಅದು ಅವರದೇ ಗಾಡ್ರೇಜ್ ಬೀರುವಿನಲ್ಲಿ, ಮನೆ ಪತ್ರದ ಜೊತೆಗೆ, ಇತ್ತು.

"ಅಮ್ಮಾ, ಇದನ್ನ ಯಾಕೆ ತಗೊಳ್ಲಿಲ್ಲ?" ಅಂದೆ.

"ನನಗೇ ಬರತ್ತಲ್ಲಪ್ಪ ಪೆನ್ಷನ್ನು. ಅವರದ್ದು ಸರ್ಕಾರಕ್ಕೆ ವಾಪಸ್ ಹೋಗತ್ತೆ ಅಂದ್ಕೊಂಡಿದ್ದೆ" ಅಂದರು.

ಬಾಕಿ ಬಂತು. ಆ ಬಾಕಿಯೇ ಈ ದತ್ತಿಯ ಇಡುಗಂಟು.

ನಾನಿವತ್ತು ಮಾತಾಡುವುದು ಆಕೆ ಹೇಳಿದ ಆ ಒಂದು ವಾಕ್ಯದ ಮೇಲೆ. ಆಕೆ ಓದಿದವರು, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಅಂಥವರಿಗೆ ಹಾಗನ್ನಿಸಿದ್ದಾದರೂ ಯಾಕೆ? ನಾನು ಯೋಚಿಸಿ ನೋಡಿದ್ದೇನೆ. ಸರ್ಕಾರದ ಜೊತೆ ನಮ್ಮ ವ್ಯವಹಾರವೆಲ್ಲ ಮನೆಗೊಂದು ಅನ್ನುವ ಲೆಕ್ಕದಲ್ಲೇ ನಡೆದುಬಂದಿದೆ. ಮನೆಗೊಂದು ರೇಷನ್ ಕಾರ್ಡು, ಮನೆಗೊಂದು ಗ್ಯಾಸ್ ಕನೆಕ್ಷನ್, ಸೈಟು ಕೊಟ್ಟರೆ ಕುಟುಂಬಕ್ಕೊಂದು ಸೈಟು. ಎರಡು ತಗೊಂಡವರನ್ನು ನಾವೇ ಓರೆಗಣ್ಣಿನಲ್ಲಿ ನೋಡಿದ್ದೇವೆ. ಆ ಅಭ್ಯಾಸದಲ್ಲಿ ಬೆಳೆದವರಿಗೆ ಒಂದೇ ಮನೆಗೆ ಎರಡು ಪಿಂಚಣಿ ಅಂದರೆ ಏನೋ ಕಳ್ಳತನ ಮಾಡಿದ ಹಾಗೆ ಅನ್ನಿಸುವುದು ಸಹಜ. ಕೇಳುವುದಕ್ಕೇ ನಾಚಿಕೆ.

ಆದರೆ ಕುಟುಂಬ ಪಿಂಚಣಿ ರೇಷನ್ ಅಕ್ಕಿಯ ಜಾತಿಯದಲ್ಲ. ಅಲ್ಲಿಂದಲೇ ಎಲ್ಲ ಗೊಂದಲ.

ಹಣ ಕೊಡುವುದಕ್ಕೆ ಎರಡು ಕಾರಣ ಇರಬಹುದು. ನಿನಗೆ ಇಲ್ಲ, ಅದಕ್ಕೆ ಕೊಡುತ್ತೇನೆ ಅನ್ನುವುದು ಒಂದು. ನಿನಗೆ ಸಲ್ಲಬೇಕು, ಅದಕ್ಕೆ ಕೊಡುತ್ತೇನೆ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ಹತ್ತಿರ ಬೇರೆ ಏನಿದೆ ಅಂತ ಕೇಳುವ ಹಕ್ಕು ಕೊಡುವವನಿಗೆ ಇರುತ್ತದೆ. ಎರಡನೆಯದರಲ್ಲಿ ಇರುವುದಿಲ್ಲ. ಗಂಡ ಸತ್ತ ಹೆಣ್ಣುಮಗಳಿಗೆ ಸರ್ಕಾರ ಕೊಡುವ ದುಡ್ಡು ಯಾವ ಕಾರಣಕ್ಕೆ ಅನ್ನುವುದನ್ನು ನಮ್ಮ ಕಾನೂನು ಒಂದೊಂದು ಕಡೆ ಒಂದೊಂದು ಥರ ತೀರ್ಮಾನಿಸಿದೆ. ಅದರ ಹಿಂದೆ ಹೋದರೆ ಎಲ್ಲ ನಿಯಮವೂ ಅರ್ಥವಾಗುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆ ಶುರು ಮಾಡಿದ್ದು 1891ರಲ್ಲಿ. ಇವತ್ತಿಗೂ ಸಂಬಳದ ಚೀಟಿಯಲ್ಲಿ ಕೆಜಿಐಡಿ ಅಂತ ಕಡಿತವಾಗುತ್ತದಲ್ಲ, ಅದರ ಬೇರು ಅಲ್ಲಿದೆ. ನೌಕರ ಸತ್ತರೆ ಹೆಂಡತಿಗೆ ಒಂದು ಗಂಟು. ಆ ಗಂಟನ್ನು ಅಣ್ಣತಮ್ಮಂದಿರೋ ಮೈದುನರೋ ಕರಗಿಸಿದರೆ ಮುಂದೇನು ಅನ್ನುವುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ. ತಿಂಗಳು ತಿಂಗಳು, ಆಕೆ ಬದುಕಿರುವ ತನಕ ಬರುವಂಥ ಕುಟುಂಬ ಪಿಂಚಣಿ ಯೋಜನೆ ಕೇಂದ್ರದಲ್ಲಿ ಬಂದದ್ದು 1964ರ ಜನವರಿ 1ರಿಂದ. ನಮ್ಮ ರಾಜ್ಯವೂ ಅದೇ 1964ರಲ್ಲಿ ತನ್ನ ಕುಟುಂಬ ಪಿಂಚಣಿ ನಿಯಮ ಮಾಡಿತು. ಈಗ ನಮ್ಮಲ್ಲಿ ಚಾಲ್ತಿಯಲ್ಲಿರುವುದು 2002ರ ನಿಯಮಗಳು.

1964ರ ಯೋಜನೆ ಪುಕ್ಕಟೆ ಬಂದದ್ದಲ್ಲ. ಕೇಂದ್ರದ ನೌಕರ ತನ್ನ ಉಪದಾನದಲ್ಲಿ, ಅದೇ ನಾವು ಗ್ರಾಚ್ಯುಟಿ ಅನ್ನುತ್ತೇವಲ್ಲ, ಅದರಲ್ಲಿ ಎರಡು ತಿಂಗಳ ಸಂಬಳದಷ್ಟು ಬಿಟ್ಟುಕೊಟ್ಟರೆ ಹೆಂಡತಿಗೆ ಕುಟುಂಬ ಪಿಂಚಣಿ. ಆ ಕಡಿತ ರದ್ದಾದದ್ದು 1977ರ ಸೆಪ್ಟೆಂಬರ್ 22ರಿಂದ. ಆದರೆ ಅದಕ್ಕೂ ಮುಂಚೆ ದುಡ್ಡು ಬಿಟ್ಟುಕೊಡದೆ ಸತ್ತವರ, 1964ಕ್ಕಿಂತ ಹಿಂದೆಯೇ ನಿವೃತ್ತರಾದವರ ಹೆಂಡತಿಯರು ಹೊರಗೇ ಉಳಿದರು. ಅವರಿಗೂ ಬಾಗಿಲು ತೆರೆದದ್ದು 1985ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ, ಪೂನಮಲ್ ಎಂಬ ವಿಧವೆಯ ಹೆಸರಿನ ಪ್ರಕರಣದಲ್ಲಿ. 1982ರ ಡಿಸೆಂಬರ್ 17ರ ನಕಾರಾ ತೀರ್ಪಿನ ನೆನಪಿಗೆ ನಾವು ವರ್ಷಾವರ್ಷ ಪಿಂಚಣಿದಾರರ ದಿನ ಮಾಡಿ ಹಾರ ಹಾಕಿಸಿಕೊಳ್ಳುತ್ತೇವೆ. ಪೂನಮಲ್ ಹೆಸರಿನಲ್ಲಿ ಒಂದು ಕಾಫಿ ಕೂಡ ಇಲ್ಲ.

1989ರಲ್ಲಿ ಭಗವಂತಿ ಪ್ರಕರಣ. ನಿವೃತ್ತಿಯಾದ ಮೇಲೆ ಮದುವೆಯಾದ ಹೆಂಡತಿಗೂ ಕುಟುಂಬ ಪಿಂಚಣಿ ಸಲ್ಲಬೇಕು ಅಂತ ತೀರ್ಮಾನವಾಯಿತು. 1991ರಲ್ಲಿ ವಯಲೆಟ್ ಐಸಾಕ್ ಪ್ರಕರಣ. ರೈಲ್ವೆ ನೌಕರನೊಬ್ಬ ತನ್ನ ದುಡ್ಡೆಲ್ಲ ತಮ್ಮನಿಗೆ ಅಂತ ವಿಲ್ ಬರೆದಿಟ್ಟಿದ್ದ. ಕುಟುಂಬ ಪಿಂಚಣಿ ಸತ್ತವನ ಆಸ್ತಿಯಲ್ಲ, ಅದನ್ನು ವಿಲ್ಲಿನಲ್ಲಿ ಬರೆಯುವುದಕ್ಕೇ ಬರುವುದಿಲ್ಲ ಅಂತ ಕೋರ್ಟು ಹೇಳಿತು. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಗಂಡ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ದುಡ್ಡಲ್ಲ ಇದು. ಆಕೆಗೆ ನೇರವಾಗಿ ನಿಯಮದಿಂದ ಬರುವ ದುಡ್ಡು.

ಈಗ ನಮ್ಮ ಟೀಚರಮ್ಮನ ಪ್ರಶ್ನೆಗೆ ಬರೋಣ. ಹೆಂಡತಿಗೆ ಸ್ವಂತ ಸಂಬಳ ಇದ್ದರೆ, ಸ್ವಂತ ಪಿಂಚಣಿ ಇದ್ದರೆ, ಗಂಡನ ಕುಟುಂಬ ಪಿಂಚಣಿ ಕಡಿಮೆಯಾಗುತ್ತದೆಯೇ? ಇಲ್ಲ. ಒಂದು ರೂಪಾಯಿಯೂ ಆಗುವುದಿಲ್ಲ. ಗಂಡನ ಕಡೆಯ ಮೂಲ ವೇತನ 60,000 ಅಂತ ಇಟ್ಟುಕೊಳ್ಳಿ. ಅವರಿದ್ದಾಗ ಬರುತ್ತಿದ್ದುದು ಪೂರ್ಣ ಸೇವೆಗೆ ಅರ್ಧ, 30,000. ಅವರ ನಂತರ ಹೆಂಡತಿಗೆ ಶೇ. 30, ಅಂದರೆ 18,000, ಮತ್ತು ಅದರ ಮೇಲೆ ತುಟ್ಟಿಭತ್ಯೆ. ಆಕೆಯದೇ ಪಿಂಚಣಿ 32,000 ಇದ್ದರೆ ಅದು ಅದರ ಪಾಡಿಗೆ ಬರುತ್ತದೆ. ಎರಡು ಪಿಪಿಒ, ಎರಡು ಜಮಾ. ಗಂಡನಿಗೂ ಇದೇ ನಿಯಮ; ಟೀಚರಮ್ಮ ಮೊದಲು ಹೋಗಿದ್ದರೆ ಗುಮಾಸ್ತರಿಗೆ ಬರುತ್ತಿತ್ತು. ಗಂಡಸರು ಮಾತ್ರ ಇದನ್ನು ಕೇಳಿ ತೆಗೆದುಕೊಳ್ಳುತ್ತಾರೆ, ನಾಚಿಕೊಳ್ಳುವುದು ಕಡಿಮೆ. ಇದು ನನ್ನ ಅನುಭವ.

ಅದೇ ಪುಸ್ತಕದಲ್ಲಿ ಹೆಂಡತಿಯ ಕೆಳಗಿನ ಸಾಲಿಗೆ ಬನ್ನಿ, ಕಾನೂನಿನ ದನಿ ಬದಲಾಗುತ್ತದೆ. ಗಂಡ ಸತ್ತು ತವರಿಗೆ ಬಂದ ಮಗಳು, ವಿಚ್ಛೇದಿತ ಮಗಳು, ವಯಸ್ಸಾದ ತಂದೆತಾಯಿ, ಇವರಿಗೆಲ್ಲ ನಿನ್ನ ಆದಾಯ ಎಷ್ಟು ಅನ್ನುವ ಪ್ರಶ್ನೆ ಇದೆ. ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ತುಟ್ಟಿಭತ್ಯೆ ಮುಟ್ಟಿದರೆ ಅವರು ಅವಲಂಬಿತರಲ್ಲ. ಅಲ್ಲಿ ಸ್ವಂತ ಪಿಂಚಣಿ ಖಂಡಿತ ಅಡ್ಡ ಬರುತ್ತದೆ. ತಂದೆ ತಾಯಿ ಇಬ್ಬರೂ ನೌಕರರಾಗಿದ್ದು ಇಬ್ಬರೂ ಹೋದರೆ ಮಗುವಿಗೆ ಎರಡು ಕುಟುಂಬ ಪಿಂಚಣಿ ಉಂಟು, ಆದರೆ ಮಿತಿ ಇದೆ. ಕೇಂದ್ರ 2021ರಲ್ಲಿ ಆ ಮಿತಿಯನ್ನು 45,000ದಿಂದ 1,25,000ಕ್ಕೆ ಏರಿಸಿತು. ಹೆಂಡತಿಗೆ ಅದು ಸಲ್ಲಬೇಕಾದದ್ದು, ಉಳಿದವರಿಗೆ ಇಲ್ಲದ್ದಕ್ಕೆ ಕೊಡುವುದು. ಒಂದೇ ಪುಟದಲ್ಲಿ ಎರಡು ನ್ಯಾಯ.

ಹೆಂಡತಿಯೇ ಒಂದು ನ್ಯಾಯದಿಂದ ಇನ್ನೊಂದಕ್ಕೆ ಜಾರುವ ಜಾಗವೂ ಉಂಟು, ಅದು ಮರುಮದುವೆ. ನಮ್ಮ ರಾಜ್ಯದ ನಿಯಮದಲ್ಲಿ ಕುಟುಂಬ ಪಿಂಚಣಿ ಆಕೆಯ ಮರಣದ ತನಕ ಇಲ್ಲವೇ ಮರುಮದುವೆಯ ತನಕ. ಕೇಂದ್ರದಲ್ಲಿ 2006ರಿಂದ, ಮಕ್ಕಳಿಲ್ಲದ ವಿಧವೆ ಮರುಮದುವೆಯಾದರೂ ಪಿಂಚಣಿ ಮುಂದುವರಿಯುತ್ತದೆ, ಆದರೆ ಆಕೆಯ ಬೇರೆ ಆದಾಯ ಆಗಲೇ ಹೇಳಿದ 9,000 ಮತ್ತು ತುಟ್ಟಿಭತ್ಯೆಯ ಮಿತಿ ಮುಟ್ಟಬಾರದು. ನೋಡಿ, ನಿನ್ನೆಯವರೆಗೆ ಆಕೆಯ ಸಂಬಳ ಯಾರಿಗೂ ಬೇಕಾಗಿರಲಿಲ್ಲ. ತಾಳಿ ಕಟ್ಟಿಸಿಕೊಂಡ ಮರುದಿನ ಬೇಕಾಯಿತು. ಸಲ್ಲಬೇಕಾದದ್ದು ಎಂದ ಮೇಲೆ ಮದುವೆಗೂ ಅದಕ್ಕೂ ಏನು ಸಂಬಂಧ? ಆಕೆಯ ಹೊಸ ಗಂಡ ಹಳೆಯ ಗಂಡನ ಸೇವೆಯನ್ನು ಅಳಿಸುತ್ತಾನೆಯೇ? ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಒಮ್ಮೆ ಒಂದು ಬ್ಯಾಂಕಿನಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿಗೆ ಒಬ್ಬ ಹೊಸ ಹುಡುಗ ನಮೂನೆ ತೋರಿಸಿ, "ಮರುಮದುವೆ ಆಗಿಲ್ಲ ಅಂತ ಇಲ್ಲಿ ಸೈನ್ ಮಾಡಿ ಅಜ್ಜಿ" ಅಂದ. ಅಜ್ಜಿ ಕನ್ನಡಕ ತೆಗೆದು ಅವನನ್ನು ಒಂದು ಗಳಿಗೆ ನೋಡಿ, "ಹುಡುಗ ಸಿಗಲಿಲ್ಲಪ್ಪ" ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕೆವು. ಸೈನ್ ಮಾತ್ರ ಮಾಡಿಸಿಕೊಂಡ.

ಇನ್ನು ತುಟ್ಟಿಭತ್ಯೆ. ಗಂಡ ಸೇವೆಯಲ್ಲಿರುವಾಗಲೇ ಹೋದರೆ ಹೆಂಡತಿಗೋ ಮಕ್ಕಳಿಗೋ ಅನುಕಂಪದ ನೌಕರಿ ಸಿಗುತ್ತದೆ. ನಮ್ಮಲ್ಲಿ 1996ರ ನಿಯಮಗಳಿವೆ. ನೌಕರಿ ಸಿಕ್ಕಿತು ಅಂತ ಕುಟುಂಬ ಪಿಂಚಣಿ ನಿಲ್ಲುವುದಿಲ್ಲ. ಆದರೆ ಆ ಪಿಂಚಣಿಯ ಮೇಲಿನ ತುಟ್ಟಿಭತ್ಯೆ ನಿಲ್ಲಿಸಬಹುದೇ? ಸಂಬಳದ ಮೇಲೆ ಒಂದು ತುಟ್ಟಿಭತ್ಯೆ ಬರುತ್ತಿರುವಾಗ ಇನ್ನೊಂದು ಯಾಕೆ ಅನ್ನುವುದು ಸರ್ಕಾರದ ವಾದ. ವಾಸುದೇವನ್ ಪಿಳ್ಳೈ ಪ್ರಕರಣದಲ್ಲಿ, 1994ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಿತು. ಬೆಲೆ ಏರಿಕೆಯ ಬಿಸಿಗೆ ಒಂದು ಛತ್ರಿ ಸಾಕು ಅನ್ನುವ ತರ್ಕ. ಐದನೇ ವೇತನ ಆಯೋಗದ ನಂತರ ಕೇಂದ್ರ ಸರ್ಕಾರವೇ ಮನಸ್ಸು ಬದಲಿಸಿ, ನೌಕರಿಯಲ್ಲಿರುವ ಕುಟುಂಬ ಪಿಂಚಣಿದಾರರಿಗೂ ತುಟ್ಟಿಭತ್ಯೆ ಕೊಡುವುದಾಗಿ 1999ರಲ್ಲಿ ಆದೇಶ ಮಾಡಿತು. ಕೋರ್ಟು ಕೊಡಬೇಕಿಲ್ಲ ಅಂದದ್ದನ್ನು ಸರ್ಕಾರ ಕೊಟ್ಟಿತು. ಅಪರೂಪದ ಸಂಗತಿ, ಅದಕ್ಕೇ ಹೇಳಿದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಹೇಳದೆ ಮುಂದೆ ಹೋದರೆ ಆ ತಾಯಿ ಇಟ್ಟ ಷರತ್ತಿಗೆ ಮೋಸ.

ನಾನು ಕೆಲಸಕ್ಕೆ ಸೇರಿದ ಹೊಸತು. ಯಾವ ಊರು, ಯಾವ ಕಚೇರಿ ಅನ್ನುವುದು ಬೇಡ. ಕೌಂಟರಿನಲ್ಲಿ ಕೂತಿದ್ದೆ. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದ ಒಬ್ಬಾಕೆ ಬಂದಳು. ಗಂಡ ಕೋರ್ಟಿನಲ್ಲಿ ಅಮೀನನಾಗಿದ್ದವನು, ಆರು ತಿಂಗಳ ಹಿಂದೆ ತೀರಿಕೊಂಡಿದ್ದ. ಕೈಯಲ್ಲಿ ಕಾಗದದ ಕಟ್ಟು, ಅದಕ್ಕೆ ಹೂ ಕಟ್ಟುವ ದಾರ. ನಾನು ಕಾಗದ ಬಿಚ್ಚಲೂ ಇಲ್ಲ. "ನಿನಗೆ ಸರ್ಕಾರಿ ಸಂಬಳ ಬರತ್ತಲ್ಲಮ್ಮ, ಎರಡೆರಡು ಕಡೆಯಿಂದ ಕೊಡೋಕಾಗತ್ತಾ?" ಅಂದೆ. ಅವಳು ಜಗಳ ಮಾಡಲಿಲ್ಲ. "ಹೌದಲ್ವಾ ಸ್ವಾಮಿ" ಅಂದಳು, ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು, ಹೋದಳು. ಮೂರು ವಾರದ ಮೇಲೆ ಬೇರೆ ಯಾವುದೋ ಕಡತಕ್ಕೆ ನಿಯಮ ಓದುವಾಗ ನನಗೆ ಗೊತ್ತಾಯಿತು. ಅವಳನ್ನು ಹುಡುಕೋಣ ಅಂದರೆ ವಿಳಾಸ ಇಲ್ಲ. ಅರ್ಜಿಯನ್ನೇ ತೆಗೆದುಕೊಂಡಿರಲಿಲ್ಲವಲ್ಲ, ವಿಳಾಸ ಎಲ್ಲಿಂದ ಬರಬೇಕು? ಇದ್ದ ಎರಡು ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿದೆ. ಹೆಸರೂ ಗೊತ್ತಿಲ್ಲದೆ ಯಾರನ್ನು ಅಂತ ಕೇಳುವುದು. ಅವಳಿಗೆ ಬೇರೆ ಯಾರಾದರೂ ಹೇಳಿರಬಹುದು. ಹೇಳಿರದೆಯೂ ಇರಬಹುದು.

ನಿಯಮ ಕಡಿತ ಮಾಡುವುದಿಲ್ಲ, ಕೌಂಟರು ಮಾಡುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಹಾಗಾದರೆ ನಿಯಮವೇ ಕಡಿತ ಮಾಡುವ ದೇಶ ಇಲ್ಲವೇ? ಇತ್ತು, ಮೊನ್ನೆ ಮೊನ್ನೆಯ ತನಕ. ಅಮೆರಿಕ. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ಅಂತ ದೇಶಕ್ಕೆಲ್ಲ ಒಂದು ವ್ಯವಸ್ಥೆ. ಗಂಡ ಹೋದರೆ ಹೆಂಡತಿಗೆ ಅದರಿಂದ ತಿಂಗಳ ಹಣ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ಕಡೆ ಎಷ್ಟೋ ಶಾಲಾ ಶಿಕ್ಷಕಿಯರು ಆ ವ್ಯವಸ್ಥೆಯ ಹೊರಗೆ, ರಾಜ್ಯದ ಬೇರೆ ಪಿಂಚಣಿಯಲ್ಲಿದ್ದಾರೆ. 1977ರ ಕಾನೂನೊಂದು, ಗವರ್ನಮೆಂಟ್ ಪೆನ್ಷನ್ ಆಫ್‌ಸೆಟ್ ಅಂತ ಅದರ ಹೆಸರು, ಅಂಥ ವಿಧವೆಯ ಸ್ವಂತ ಸರ್ಕಾರಿ ಪಿಂಚಣಿಯನ್ನು ಗಂಡನ ಕಡೆಯ ಹಣದಿಂದ ಕಳೆಯಿತು. 1980ರ ದಶಕದಲ್ಲಿ ಅದನ್ನು ಪಿಂಚಣಿಯ ಮೂರರಲ್ಲಿ ಎರಡು ಭಾಗ ಅಂತ ಇಳಿಸಿದರು. ಲೆಕ್ಕ ಹಾಕಿ. ಆಕೆಯ ಶಿಕ್ಷಕ ಪಿಂಚಣಿ 3,000 ಡಾಲರ್. ಮೂರರಲ್ಲಿ ಎರಡು ಅಂದರೆ 2,000. ಗಂಡನ ಕಡೆಯಿಂದ ಬರಬೇಕಾದದ್ದು 1,900 ಇದ್ದರೆ ಕೈಗೆ ಸೊನ್ನೆ. ಅಂಗಡಿಯಲ್ಲಿ ದುಡಿದವಳಿಗೆ ಒಂದು ಥರ, ಶಾಲೆಯಲ್ಲಿ ದುಡಿದವಳಿಗೆ ಇನ್ನೊಂದು ಥರ ಆಗಬಾರದು ಅನ್ನುವುದು ಆ ಕಾನೂನಿನ ಸಮರ್ಥನೆ. ಅಂಗಡಿಯವಳಿಗೂ ಸ್ವಂತ ಸೋಷಿಯಲ್ ಸೆಕ್ಯುರಿಟಿ ಇದ್ದರೆ ಗಂಡನದು ಪೂರ್ತಿ ಸೇರುವುದಿಲ್ಲ, ಎರಡರಲ್ಲಿ ಹೆಚ್ಚಿನದರಷ್ಟೇ. ಸಮರ್ಥನೆಯಲ್ಲಿ ಹುರುಳಿಲ್ಲ ಅನ್ನಲಾರೆ. ಆದರೂ ನಾಲ್ಕು ದಶಕ ಶಿಕ್ಷಕಿಯರು, ಪೊಲೀಸರು, ಅಗ್ನಿಶಾಮಕದವರು ಹೋರಾಡಿ, 2025ರ ಜನವರಿ 5ರಂದು ಅಧ್ಯಕ್ಷ ಬೈಡನ್ ರುಜು ಹಾಕಿದ ಕಾಯ್ದೆಯಿಂದ ಅದು ರದ್ದಾಯಿತು. 2024ರ ಜನವರಿಯಿಂದಲೇ ಲೆಕ್ಕ ಹಾಕಿ ಬಾಕಿ ಕೊಟ್ಟರು. ನಮ್ಮ ಟೀಚರಮ್ಮ ತಪ್ಪಾಗಿ ಊಹಿಸಿದ ಕಾನೂನು ಅಮೆರಿಕದಲ್ಲಿ ನಿಜವಾಗಿಯೂ ಇತ್ತು ಅನ್ನಿ. ಈ ಕಥೆ ಹೇಳಿದಾಗ ಆಕೆ, "ಹಾಗಾದರೆ ನಾನು ಅಷ್ಟೇನು ದಡ್ಡಿ ಅಲ್ಲ" ಅಂದರು.

ದೂರದ ಮಾತು ಸಾಕು. ಈ ಸಭಾಂಗಣದಿಂದ ಹೊರಗೆ ಬಂದು ಐದು ನಿಮಿಷ ನಡೆದರೆ ಸ್ಯಾಟಲೈಟ್ ಬಸ್ ನಿಲ್ದಾಣ. ಆಚೆ ಕಡೆ ದೀಪಾಂಜಲಿ ನಗರದ ಡಿಪೋ. ಬಾಪೂಜಿ ನಗರದ ಎಷ್ಟೋ ಮನೆಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಸ್ಟೌ ಹಚ್ಚಿ ಗಂಡನಿಗೆ ಡಬ್ಬಿ ಕಟ್ಟಿದ ಹೆಂಗಸರಿದ್ದಾರೆ, ಫಸ್ಟ್ ಶಿಫ್ಟಿನ ಡ್ರೈವರು ಕಂಡಕ್ಟರುಗಳ ಹೆಂಡತಿಯರು. ಬಸ್ಸಿನ ಮೇಲೆ ಕರ್ನಾಟಕ ಸರ್ಕಾರದ ನಿಗಮದ ಹೆಸರು. ಮೈಮೇಲೆ ಖಾಕಿ. ಆದರೆ ನಿಗಮದ ನೌಕರ ಪಿಂಚಣಿಯ ಲೆಕ್ಕದಲ್ಲಿ ಸರ್ಕಾರಿ ನೌಕರನಲ್ಲ. ಅವನಿಗೆ ಇರುವುದು ಭವಿಷ್ಯ ನಿಧಿಯ 1995ರ ಪಿಂಚಣಿ ಯೋಜನೆ, ಇಪಿಎಸ್-95.

ಅದರ ಸೂತ್ರ ಸರಳ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ. ಆ ಸಂಬಳಕ್ಕೆ 2014ರ ಸೆಪ್ಟೆಂಬರಿನಿಂದ 15,000ದ ಮಿತಿ. ಕೈಗೆ 50,000 ಬಂದರೂ, ಹೆಚ್ಚಿನ ಪಿಂಚಣಿಯ ಆಯ್ಕೆ ಸಿಕ್ಕವರನ್ನು ಬಿಟ್ಟರೆ, ಲೆಕ್ಕ 15,000ದ ಮೇಲೆ. ಅದಕ್ಕೂ ಹಿಂದೆ ಮಿತಿ 6,500 ಇತ್ತು, ಆ ಕಾಲದ ಸೇವೆ ಆ ಮಿತಿಯಲ್ಲೇ. ಅದನ್ನೆಲ್ಲ ಮರೆತು, 35 ವರ್ಷವೂ 15,000ದ ಮೇಲೆಯೇ ಅಂತ ಉದಾರವಾಗಿ ಹಾಕಿದರೂ ಬರುವುದು 7,500. ನಿವೃತ್ತನಾಗಿ ಆಮೇಲೆ ಅವನು ಹೋದರೆ ಹೆಂಡತಿಗೆ ಅದರ ಅರ್ಧ, 3,750. ಸೇವೆಯಲ್ಲಿರುವಾಗಲೇ ಹೋದರೆ ಲೆಕ್ಕ ಬೇರೆ, ಆಕೆಗೆ ಸ್ವಲ್ಪ ಅನುಕೂಲ. ಎರಡರಲ್ಲೂ ತುಟ್ಟಿಭತ್ಯೆ ಇಲ್ಲ. ಬೇಳೆ ಎಷ್ಟೇ ಏರಲಿ, ಈರುಳ್ಳಿ ಎಷ್ಟೇ ಏರಲಿ, ಆ ಮೊತ್ತ ಅಲುಗುವುದಿಲ್ಲ. ಕನಿಷ್ಠ ಪಿಂಚಣಿ 1,000 ಅಂತ 2014ರಲ್ಲಿ ನಿಗದಿಯಾಯಿತು. ನಿವೃತ್ತ ಸಾರಿಗೆ ನೌಕರರು ಈ ನಗರದಲ್ಲಿ ಎಷ್ಟು ಸಲ ಧರಣಿ ಕೂತಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮಲ್ಲಿ ಕೆಲವರು ಅಲ್ಲಿಂದಲೇ ಬಂದಿರಬಹುದು.

ಅದೇ ಬೀದಿಯಲ್ಲಿ, ಎರಡು ಮನೆ ಆಚೆ, ಗುಮಾಸ್ತರ ಹೆಂಡತಿಗೆ 18,000 ಮತ್ತು ತುಟ್ಟಿಭತ್ಯೆ, ಅದರ ಜೊತೆಗೆ ಸ್ವಂತದ್ದು. ಡ್ರೈವರನ ಹೆಂಡತಿಗೆ 3,750, ಸ್ವಂತದ್ದು ಏನೂ ಇಲ್ಲ. ಇಬ್ಬರೂ ತರಕಾರಿ ತರುವುದು ಅದೇ ಗಾಡಿಯವನ ಹತ್ತಿರ. ಎರಡು ಪಿಂಚಣಿ ತಪ್ಪಲ್ಲ ಅಂತ ಇಷ್ಟು ಹೊತ್ತು ವಾದಿಸಿದವನು ಈ ಮಾತನ್ನು ನುಂಗಿಕೊಂಡು ಹೋಗಬಾರದು. ಟೀಚರಮ್ಮನಿಗೆ ಸಲ್ಲಬೇಕಾದದ್ದು ಡ್ರೈವರಮ್ಮನಿಗೂ ಸಲ್ಲಬೇಕಾದದ್ದೇ. ಅವನ ಸಂಬಳದಿಂದಲೂ ನಿಧಿಗೆ ದುಡ್ಡು ಹೋಗಿದೆ. ಅನ್ಯಾಯ ಆಗಿರುವುದು ಟೀಚರಮ್ಮನಿಗೆ ಎರಡು ಸಿಕ್ಕಿದ್ದರಲ್ಲಿ ಅಲ್ಲ, ಡ್ರೈವರಮ್ಮನಿಗೆ ಒಂದು ನೆಟ್ಟಗೆ ಸಿಗದಿರುವುದರಲ್ಲಿ.

ಅದಕ್ಕೂ ಕೆಳಗೆ ಇನ್ನೊಂದು ಮೆಟ್ಟಿಲಿದೆ. ಗಾರೆ ಕೆಲಸದವನ, ಗಾಡಿ ತಳ್ಳುವವನ ಹೆಂಡತಿಗೆ 1984ರಲ್ಲಿ ಶುರುವಾದ ನಿರ್ಗತಿಕ ವಿಧವಾ ವೇತನ. ಈಗ ತಿಂಗಳಿಗೆ 800 ರೂಪಾಯಿ. ಮನೆಯ ವರ್ಷದ ಆದಾಯ 32,000 ಮೀರಬಾರದು, ಬೇರೆ ಪಿಂಚಣಿ ಬರಬಾರದು. ಇಲ್ಲಿ ಯಾವ ಮುಚ್ಚುಮರೆಯೂ ಇಲ್ಲ, ಇದು ಇಲ್ಲದ್ದಕ್ಕೆ ಕೊಡುವ ದುಡ್ಡು. ಕೊಡುವ ಮುಂಚೆ ಇಲ್ಲ ಅಂತ ನಾಡಕಚೇರಿಯಲ್ಲಿ ನಿಂತು ರುಜುವಾತು ಮಾಡಬೇಕು. ತಮಾಷೆ ಏನೆಂದರೆ, ಜನ ಕುಟುಂಬ ಪಿಂಚಣಿಯನ್ನೂ ಇದನ್ನೂ ಒಂದೇ ಹೆಸರಿನಲ್ಲಿ ವಿಧವಾ ಪೆನ್ಷನ್ ಅಂತ ಕರೆಯುತ್ತಾರೆ. ಇದರ ಷರತ್ತನ್ನು ಅದಕ್ಕೆ ಅಂಟಿಸುತ್ತಾರೆ. ನಮ್ಮ ಟೀಚರಮ್ಮನ ಒಂಬತ್ತು ವರ್ಷ ಕಳೆದುಹೋದದ್ದು ಬಹುಶಃ ಈ ಒಂದು ಹೆಸರಿನ ಗೊಂದಲದಲ್ಲೇ.

ಹೊಸಬರ ಕಥೆ ಬೇರೆಯೇ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಬರುತ್ತಾರೆ. ನಿವೃತ್ತಿಯಲ್ಲಿ ಅವರು ಯಾವ ಬಗೆಯ ವರ್ಷಾಶನ ಆರಿಸಿಕೊಂಡರು ಅನ್ನುವುದರ ಮೇಲೆ ಹೆಂಡತಿಯ ಭವಿಷ್ಯ ನಿಂತಿದೆ. ಕೇಂದ್ರದವರು 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ಯೋಜನೆ, ಯುಪಿಎಸ್, ತಂದಿದ್ದಾರೆ, ಅದರಲ್ಲಿ ಪಿಂಚಣಿದಾರನ ನಂತರ ಸಂಗಾತಿಗೆ ಪಿಂಚಣಿಯ ಶೇ. 60. ಇದರ ಬಗ್ಗೆ ಮಾತಾಡಲು ಮುಂದಿನ ವರ್ಷ ಯಾರಾದರೂ ಚಿಕ್ಕವರನ್ನು ಕರೆಸಿ.

ಕೊನೆಗೆ, ಮನೆಗೆ ಹೋದ ಮೇಲೆ ನಿಮಗೆ ಬೇಕಾಗುವ ಎರಡು ಮೂರು ವಿಷಯ.

ಕುಟುಂಬ ಪಿಂಚಣಿ ಮೊದಲ ಕೆಲವು ವರ್ಷ ಹೆಚ್ಚಿನ ದರದಲ್ಲಿ ಬಂದು ಆಮೇಲೆ ಶೇ. 30ಕ್ಕೆ ಇಳಿಯುವುದುಂಟು. ಕೇಂದ್ರದಲ್ಲಿ, ಸೇವೆಯಲ್ಲಿರುವಾಗ ಸತ್ತವರ ಮನೆಗೆ ಹತ್ತು ವರ್ಷ ಶೇ. 50. ಒಂದು ತಿಂಗಳು ಇದ್ದಕ್ಕಿದ್ದ ಹಾಗೆ ಪಾಸ್‌ಬುಕ್ಕಿನಲ್ಲಿ ಜಮಾ ಕಡಿಮೆಯಾಗುತ್ತದೆ. ಹೆಂಗಸರು ಹೆದರುತ್ತಾರೆ. ನನ್ನ ಸ್ವಂತ ಪಿಂಚಣಿ ಶುರುವಾಯಿತಲ್ಲ, ಅದಕ್ಕೆ ಇವರದ್ದನ್ನು ಕಡಿದರು ಅಂದುಕೊಳ್ಳುತ್ತಾರೆ. ಅದಲ್ಲ. ಯಾವ ತಾರೀಖಿಗೆ ಇಳಿಯುತ್ತದೆ ಅನ್ನುವುದು ಪಿಪಿಒದಲ್ಲೇ ಬರೆದಿರುತ್ತದೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಯಾಕೆಂದರೆ ಬ್ಯಾಂಕು ಇಳಿಸುವುದನ್ನು ಮರೆತರೆ ವರ್ಷಗಳ ಮೇಲೆ ಒಟ್ಟಿಗೆ ವಾಪಸ್ ಕೇಳುತ್ತದೆ.

ಗಂಡ ಪಿಂಚಣಿಯ ಒಂದು ಭಾಗ ಪರಿವರ್ತನೆ ಮಾಡಿಸಿಕೊಂಡು, ಆ ಕಮ್ಯುಟೇಷನ್ ದುಡ್ಡಿನಲ್ಲಿ ಮಗಳ ಮದುವೆ ಮಾಡಿರುತ್ತಾರೆ. ಅವರು ಬೇಗ ಹೋಗಿಬಿಟ್ಟರು, ಸಾಲ ತೀರಿಲ್ಲ, ನನ್ನ ಪಿಂಚಣಿಯಲ್ಲಿ ಹಿಡಿಯುತ್ತಾರೆ ಅನ್ನುವ ಭಯ ಬೇಡ. ಕುಟುಂಬ ಪಿಂಚಣಿಯಿಂದ ಅದನ್ನು ಕಡಿಯುವುದಿಲ್ಲ.

ತೆರಿಗೆಯಲ್ಲಿ ಎರಡು ಪಿಂಚಣಿ ಎರಡು ಖಾನೆ. ನಿಮ್ಮದು ಸಂಬಳದ ಖಾನೆಯಲ್ಲಿ. ಗಂಡನದು ಇತರ ಮೂಲಗಳ ಆದಾಯದಲ್ಲಿ, ಅದರಲ್ಲಿ ಮೂರನೇ ಒಂದು ಭಾಗ ಅಥವಾ 15,000, ಯಾವುದು ಕಡಿಮೆಯೋ ಅಷ್ಟನ್ನು ಕಳೆಯಬಹುದು. ಹೊಸ ಪದ್ಧತಿಯಲ್ಲಿ 2024ರ ಬಜೆಟ್ಟಿನಿಂದ ಅದು 25,000. ಎರಡೂ ಸೇರಿ ತೆರಿಗೆ ಕಟ್ಟುವ ಮಟ್ಟ ಮುಟ್ಟಿದರೆ ಗೃಹಲಕ್ಷ್ಮಿಯ 2,000ದ ಆಸೆ ಬಿಡಿ.

ಇನ್ನು, ತಡ ಮಾಡಬೇಡಿ. ಕೋರ್ಟಿಗೆ ಹೋಗಬೇಕಾಗಿ ಬಂದರೆ, 2008ರ ತರ್ಸೆಮ್ ಸಿಂಗ್ ತೀರ್ಪಿನ ನಂತರ ಸಾಮಾನ್ಯವಾಗಿ ಮೂರು ವರ್ಷದ ಹಿಂದಿನ ಬಾಕಿಯಷ್ಟೇ ಕೊಡಿಸುತ್ತಾರೆ. ಅದರ ಹಿಂದಿನದು ಹೋದಂತೆಯೇ.

ಮಾತು ಮುಗಿಯಿತು. ಕರಪತ್ರ ನೋಡಿ ಕೆಲವರು ಪಿಪಿಒ ತಂದಿದ್ದೀರಿ ಅಂತ ಕಾಣುತ್ತಿದೆ. ಕಾಫಿ ಕುಡಿದು ಆ ಮೂಲೆಯ ಮೇಜಿನ ಹತ್ತಿರ ಬನ್ನಿ, ನಾನು ಅಲ್ಲೇ ಕೂತಿರುತ್ತೇನೆ. ದತ್ತಿ ಇಟ್ಟ ತಾಯಿಯೂ ಬಂದಿದ್ದಾರೆ, ಎಲ್ಲಿ ಕೂತಿದ್ದಾರೆ ಅಂತ ಹೇಳುವುದಿಲ್ಲ. ಜಂಟಿ ಫೋಟೋ ಇರುವ ಪುಟ ತೆರೆದಿಟ್ಟುಕೊಳ್ಳಿ. ಕನ್ನಡಕ ಮರೆಯಬೇಡಿ, ಕುಟುಂಬ ಪಿಂಚಣಿಯ ಸಾಲು ಬಹಳ ಸಣ್ಣ ಅಕ್ಷರದಲ್ಲಿರುತ್ತದೆ.